ಕಡಲೆಕಾಯಿ ಪರಿಷೆಗೂ ದನಗಳ ಜಾತ್ರೆಗೂ ಹೊರಡುವ ಮುಂಚೆ: ಬೆಂಗಳೂರಿನವರಿಗೊಂದು ಮಾರ್ಗದರ್ಶಿ

ದೀಪಾವಳಿ ಮುಗಿಯುತ್ತಿದ್ದ ಹಾಗೆ ಓದುಗರ ಪ್ರಶ್ನೆಗಳು ಶುರುವಾಗುತ್ತವೆ. "ಈ ವರ್ಷ ಕಡಲೆಕಾಯಿ ಪರಿಷೆ ಯಾವತ್ತು?" "ಒಳ್ಳೆ ಕಾಯಿ ಗುರುತು ಹಿಡಿಯೋದು ಹೇಗೆ?" "ಘಾಟಿ ಜಾತ್ರೆಗೆ ಹೋಗಿದ್ವಿ, ಎತ್ತುಗಳೇ ಇರಲಿಲ್ಲ, ಯಾಕೆ?" "ಮಕ್ಕಳನ್ನು ಕರ್ಕೊಂಡು ಹೋಗಬಹುದಾ?" ಪ್ರತಿ ವರ್ಷ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಶುರುವಿಗೇ ಒಂದು ಮಾತು. ನಮ್ಮ ಸೀಮೆಯ ಜಾತ್ರೆಗಳು ದೇವರ ಹೆಸರಲ್ಲಿ ನಡೆದರೂ ಅವುಗಳ ಕಾಲ ಹೊಲದ ಕೆಲಸಕ್ಕೆ ಹೊಂದಿಕೊಂಡಿದೆ. ಮುಂಗಾರಿಗೆ ಬಿತ್ತಿದ ಕಡಲೆಕಾಯಿಯನ್ನು ಕಿತ್ತು ಬಿಡಿಸುವುದು ಕಾರ್ತಿಕದ ಆಸುಪಾಸಿನಲ್ಲಿ. ಆಗ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಕಡಲೆಕಾಯಿ ಪರಿಷೆ, ಅಂದರೆ ಕಡಲೆಕಾಯಿ ಜಾತ್ರೆ. ರಾಗಿ ಕೊಯ್ದು ಒಕ್ಕಣೆ ಆದಮೇಲೆ ಎತ್ತುಗಳಿಗೆ ಬಿಡುವು, ರೈತರ ಕೈಯಲ್ಲಿ ನಾಲ್ಕು ಕಾಸು. ಆಗ ದನಗಳ ಜಾತ್ರೆ. ಮುಂದಿನ ಉಳುಮೆಗೆ ಹೊಸ ಜೋಡಿ ಕಟ್ಟಬೇಕಾದವರು ಕಟ್ಟುವುದು ಆಗಲೇ. ಇಷ್ಟು ಗೊತ್ತಿದ್ದರೆ ಯಾವಾಗ ಹೋಗಬೇಕು, ಏನು ನೋಡಬೇಕು, ಏನು ಕೊಳ್ಳಬೇಕು ಅನ್ನುವ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕ ಹಾಗೆ.

1. ಮೊದಲು ಪಂಚಾಂಗ ನೋಡಿ

ಜನ ಎಡವುವುದು ಇಲ್ಲೇ ಜಾಸ್ತಿ. "ಹೋದ ವರ್ಷ ನವೆಂಬರ್ ಮೂರನೇ ವಾರ ಇತ್ತು, ಈ ವರ್ಷವೂ ಆಗಲೇ ಇರುತ್ತೆ" ಅಂದುಕೊಂಡು ರಜೆ ಹಾಕಿಬಿಡುತ್ತಾರೆ. ಜಾತ್ರೆಗಳು ಚಾಂದ್ರಮಾನದ ಲೆಕ್ಕದಲ್ಲಿ ನಡೆಯುತ್ತವೆ. ಅಂದರೆ ಅಮಾವಾಸ್ಯೆ ಮುಗಿದ ಮರುದಿನ ಹೊಸ ತಿಂಗಳು ಶುರು. ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಶುದ್ಧ, ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ ಬಹುಳ. ಇಂಗ್ಲಿಷ್ ತಾರೀಕು ಪ್ರತಿ ವರ್ಷ ಬದಲಾಗುತ್ತದೆ.

ಬಸವನಗುಡಿ ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರ. ಲೆಕ್ಕ ಸುಲಭ. ಬಲಿಪಾಡ್ಯಮಿಯಿಂದ ಕಾರ್ತಿಕ ಶುರು. ಅಲ್ಲಿಂದ ಮುಂದಿನ ಅಮಾವಾಸ್ಯೆ ಯಾವತ್ತು ನೋಡಿ. ಅದರ ಒಳಗೆ ಬರುವ ಕೊನೆಯ ಸೋಮವಾರವೇ ಪರಿಷೆ. 2024ರಲ್ಲಿ ಅದು ನವೆಂಬರ್ 25, 2025ರಲ್ಲಿ ನವೆಂಬರ್ 17. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಕಾರ್ತಿಕ ಮುಂದಕ್ಕೆ ಹೋಗಿ, ಕೊನೆಯ ಸೋಮವಾರ ಡಿಸೆಂಬರ್ 7ಕ್ಕೆ ಬೀಳುತ್ತದೆ. ಅಧಿಕ ಮಾಸ ಅಂದರೆ ಚಂದ್ರನ ಲೆಕ್ಕ ಸೂರ್ಯನ ಲೆಕ್ಕಕ್ಕೆ ಹೊಂದಲಿ ಅಂತ ಎರಡೂವರೆ ಮೂರು ವರ್ಷಕ್ಕೊಮ್ಮೆ ಸೇರಿಸುವ ಹೆಚ್ಚುವರಿ ತಿಂಗಳು. ಅದು ಬಂದ ವರ್ಷ ಆಮೇಲಿನ ಹಬ್ಬ, ಜಾತ್ರೆ ಎಲ್ಲವೂ ತಡ.

ಘಾಟಿ ಸುಬ್ರಹ್ಮಣ್ಯದ ತೇರು ಪುಷ್ಯ ಶುದ್ಧ ಷಷ್ಠಿಗೆ. ಒಂದು ವರ್ಷ ಡಿಸೆಂಬರ್ ಕೊನೆಗೆ ಬಂದರೆ ಇನ್ನೊಂದು ವರ್ಷ ಜನವರಿಗೆ ಬರುತ್ತದೆ. ಇದಕ್ಕೂ ಚಂಪಾ ಷಷ್ಠಿಗೂ ಗೊಂದಲ ಮಾಡಿಕೊಳ್ಳಬೇಡಿ. ಚಂಪಾ ಷಷ್ಠಿ ಒಂದು ತಿಂಗಳು ಮುಂಚೆ, ಮಾರ್ಗಶಿರದಲ್ಲಿ. ಸಿದ್ಧಗಂಗೆ ಮತ್ತು ಆವನಿ ಜಾತ್ರೆಗಳು ಶಿವರಾತ್ರಿ ಹೊತ್ತಿಗೆ, ಅಂದರೆ ಮಾಘ ಮಾಸದ ಕೊನೆಗೆ. ಬೆಂಗಳೂರು ಕರಗ ಚೈತ್ರ ಹುಣ್ಣಿಮೆಗೆ.

ಗೋಡೆಗೆ ತೂಗುಹಾಕುವ ಕನ್ನಡ ಕ್ಯಾಲೆಂಡರ್ ಒಂದಿದ್ದರೆ ಸಾಕು. ದೀಪಾವಳಿ ಆದ ಕೂಡಲೇ ಇಷ್ಟಕ್ಕೂ ಗುರುತು ಹಾಕಿಡಿ.

2. ಯಾವ ಜಾತ್ರೆ ನಿಮಗೆ?

ಮೊದಲ ಸಲ ಹೋಗುವವರಿಗೆ, ಚಿಕ್ಕ ಮಕ್ಕಳಿರುವವರಿಗೆ ಬಸವನಗುಡಿ ಪರಿಷೆಯೇ ಸರಿ. ಊರೊಳಗೇ ಇದೆ, ಮೆಟ್ರೊ ಇದೆ, ಸಾಕು ಅನಿಸಿದ ಕೂಡಲೇ ಮನೆಗೆ ಬರಬಹುದು. ವಯಸ್ಸಾದವರಿಗೆ ಆ ನೂಕುನುಗ್ಗಲು ಆಗುವುದಿಲ್ಲ ಅಂದರೆ ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿ ಹತ್ತಿರವೂ ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಅದು ಚಿಕ್ಕದು. ಅಪ್ಪ ಅಮ್ಮನ ಕೈ ಹಿಡಿದುಕೊಂಡು ನಿಧಾನವಾಗಿ ಸುತ್ತಬಹುದು.

ದನಗಳ ಜಾತ್ರೆ ನೋಡಬೇಕು ಅನ್ನುವವರಿಗೆ ಹತ್ತಿರದ್ದು ಘಾಟಿ. ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ತುಮಕೂರಿನ ಸಿದ್ಧಗಂಗಾ ಮಠದ ಜಾತ್ರೆ ಸುಮಾರು 70 ಕಿಲೋಮೀಟರ್. ಅಲ್ಲಿ ದನಗಳ ಜೊತೆಗೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ಇರುತ್ತದೆ, ಮಠದ ದಾಸೋಹದಲ್ಲಿ ಊಟವೂ ಆಗುತ್ತದೆ. ಹಾಗಾಗಿ ಇಡೀ ಕುಟುಂಬಕ್ಕೆ ಅದು ಹೆಚ್ಚು ಅನುಕೂಲ. ಮುಳಬಾಗಿಲು ತಾಲ್ಲೂಕಿನ ಆವನಿ ಇನ್ನೂ ದೂರ. ರಾಮಲಿಂಗೇಶ್ವರನ ಹಳೇ ಗುಡಿಯನ್ನೂ ನೋಡುವ ಆಸೆ ಇದ್ದರೆ ಒಂದು ಪೂರ್ತಿ ದಿನ ಇಟ್ಟುಕೊಂಡು ಹೋಗಿ.

ಕರಗದ ಬಗ್ಗೆಯೂ ಕೇಳುತ್ತಿರುತ್ತೀರಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಮಧ್ಯರಾತ್ರಿ ಹೊರಡುವ ಹೂವಿನ ಕರಗ ಹಳೇ ಪೇಟೆ ಬೀದಿಗಳಲ್ಲಿ ಸಾಗಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ನೋಡಲೇಬೇಕಾದದ್ದು. ಆದರೆ ಅದು ಉತ್ಸವ, ವ್ಯಾಪಾರದ ಜಾತ್ರೆ ಅಲ್ಲ. ಅದಕ್ಕೆ ಬೇರೆಯದೇ ತಯಾರಿ ಬೇಕು. ಇಲ್ಲಿ ಬಿಟ್ಟಿದ್ದೇನೆ.

3. ಏನೇನು ಇಟ್ಟುಕೊಳ್ಳಬೇಕು

ಎರಡು ಗಟ್ಟಿ ಬಟ್ಟೆ ಚೀಲ. ಒಂದು ಹಸಿ ಕಾಯಿಗೆ, ಒಂದು ಉಳಿದದ್ದಕ್ಕೆ. ಪ್ಲಾಸ್ಟಿಕ್ ಕವರ್ ಕೇಳಬೇಡಿ. ಪರಿಷೆಯಲ್ಲಿ ಅದನ್ನು ನಿಲ್ಲಿಸಬೇಕು ಅಂತ ವರ್ಷಗಳಿಂದ ಜನ ಒದ್ದಾಡುತ್ತಿದ್ದಾರೆ. ಜೊತೆಗೆ, ಹಸಿ ಕಾಯಿ ಪ್ಲಾಸ್ಟಿಕ್ಕಿನಲ್ಲಿ ಬೆವೆತು ಹಾಳಾಗುತ್ತದೆ.

ಹತ್ತು, ಇಪ್ಪತ್ತು, ಐವತ್ತರ ನೋಟು ಸಾಕಷ್ಟು ಇರಲಿ. ಈಗ ಎಲ್ಲರ ಹತ್ತಿರವೂ ಕ್ಯೂಆರ್ ಕೋಡ್ ಇದೆ, ನಿಜ. ಆದರೆ ಲಕ್ಷಾಂತರ ಜನ ಸೇರಿದ ಕಡೆ ನೆಟ್‌ವರ್ಕ್ ಕೈ ಕೊಡುತ್ತದೆ. ದುಡ್ಡು ಹೋಯಿತೋ ಇಲ್ಲವೋ ಅಂತ ನೀವೂ ವ್ಯಾಪಾರಿಯೂ ಫೋನ್ ನೋಡುತ್ತಾ ನಿಲ್ಲಬೇಕಾಗುತ್ತದೆ. ಹಿಂದೆ ನಿಂತವರು ಗೊಣಗುತ್ತಾರೆ.

ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಹಾಕಿ. ಕತ್ತಿಗೆ ತೂಗುಹಾಕಬೇಡಿ, ಕಂಡವರೆಲ್ಲ ಓದುವ ಹಾಗೆ ಇರಬಾರದು. "ಕೈ ತಪ್ಪಿದರೆ ಇಲ್ಲಿಗೆ ಬಾ" ಅಂತ ಒಂದು ಜಾಗ ಮೊದಲೇ ತೋರಿಸಿ. ಮನೆಯಿಂದ ನೀರಿನ ಬಾಟಲಿ ತನ್ನಿ. ದನಗಳ ಜಾತ್ರೆಗಾದರೆ ತಲೆಗೆ ಟೋಪಿ ಅಥವಾ ಟವೆಲ್, ಮೂಗಿಗೆ ಕರವಸ್ತ್ರ, ಕಾಲಿಗೆ ಹಳೇ ಶೂ. ಅಲ್ಲಿ ಧೂಳು ಜಾಸ್ತಿ, ಸಗಣಿ ತುಳಿಯದೆ ಓಡಾಡಲು ಆಗುವುದಿಲ್ಲ. ಚಿನ್ನದ ಸರ ಮನೆಯಲ್ಲೇ ಇರಲಿ.

4. ತಲುಪುವುದು ಹೇಗೆ, ಎಷ್ಟು ಹೊತ್ತಿಗೆ

ಬಸವನಗುಡಿಗೆ ಕಾರು ತರಬೇಡಿ. ದಯವಿಟ್ಟು. ಬುಲ್ ಟೆಂಪಲ್ ರಸ್ತೆಯಲ್ಲಿ ಪರಿಷೆ ಇರುವಷ್ಟು ದಿನ ವಾಹನ ಬಿಡುವುದಿಲ್ಲ. ಸುತ್ತಲಿನ ಅಡ್ಡರಸ್ತೆಗಳಲ್ಲಿ ಜಾಗ ಹುಡುಕುತ್ತಾ ಒಂದು ಗಂಟೆ ಹೋಗುತ್ತದೆ. ಅಲ್ಲಿ ಮನೆ ಇರುವವರ ಗೇಟಿಗೆ ಅಡ್ಡ ನಿಲ್ಲಿಸಿ ಜಗಳ ಬೇರೆ. ಮೆಟ್ರೊ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರ್ ಕಡೆಯಿಂದ ನಡೆದು ಬನ್ನಿ. ಹದಿನೈದು ಇಪ್ಪತ್ತು ನಿಮಿಷದ ದಾರಿ. ನೇರಳೆ ಮಾರ್ಗದವರು ಮೆಜೆಸ್ಟಿಕ್ಕಿನಲ್ಲಿ, ಹಳದಿ ಮಾರ್ಗದವರು ಆರ್.ವಿ. ರಸ್ತೆಯಲ್ಲಿ ಬದಲಾಯಿಸಿಕೊಳ್ಳಬೇಕು.

ಹೊತ್ತಿನ ವಿಷಯ ಮುಖ್ಯ. ಸೋಮವಾರ ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗೆ ಕಾಲಿಡಲು ಜಾಗ ಇರುವುದಿಲ್ಲ. ದೀಪ, ಗದ್ದಲ, ಪೀಪಿ ಸದ್ದು ಬೇಕು ಅನ್ನುವ ಹುಡುಗರು ಆಗ ಹೋಗಲಿ. ಕಾಯಿ ಕೊಳ್ಳುವವರು, ದೇವರ ದರ್ಶನ ಮಾಡುವವರು ಬೆಳಗ್ಗೆ ಬೇಗ ಹೋಗಬೇಕು. ಸೋಮವಾರವೇ ಆಗಬೇಕು ಅಂತೇನೂ ಇಲ್ಲ. ಮೊದಲು ಒಂದೇ ದಿನದ ಪರಿಷೆ ಈಗ ಹಿಂದೆ ಮುಂದೆ ಚಾಚಿಕೊಂಡಿದೆ. 2025ರಲ್ಲಿ ಐದು ದಿನ ನಡೆಯಿತು. ಶನಿವಾರ, ಭಾನುವಾರವೇ ರಾಶಿಗಳು ಬಂದು ಬೀಳುತ್ತವೆ. ನನ್ನನ್ನು ಕೇಳಿದರೆ ಮಂಗಳವಾರ ಬೆಳಗ್ಗೆಯೇ ಒಳ್ಳೆಯದು. ಜನ ಕಡಿಮೆ, ಕಾಯಿ ಇನ್ನೂ ಇರುತ್ತದೆ, ವ್ಯಾಪಾರಿಗಳಿಗೂ ಎರಡು ಮಾತಾಡುವ ಪುರುಸೊತ್ತು ಇರುತ್ತದೆ.

ಘಾಟಿಗೆ ಯಲಹಂಕ, ದೊಡ್ಡಬಳ್ಳಾಪುರದ ಮೇಲೆ ದಾರಿ. ದೊಡ್ಡಬಳ್ಳಾಪುರದವರೆಗೆ ಬಸ್ಸು ಧಾರಾಳ, ಅಲ್ಲಿಂದ ಘಾಟಿಗೆ ಬೇರೆ ಬಸ್ಸು. ರೈಲಿನಲ್ಲಿ ಹೋಗುವವರಿಗೆ ಹತ್ತಿರದ ನಿಲ್ದಾಣ ಮಾಕಳಿದುರ್ಗ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ಮೊದಲೇ ನೋಡಿಕೊಳ್ಳಿ. ಸಿದ್ಧಗಂಗೆಗೆ ತುಮಕೂರು ಬಸ್ಸಿನಲ್ಲಿ ಕ್ಯಾತ್ಸಂದ್ರದ ಹತ್ತಿರ ಇಳಿದರೆ ಮಠ ಅಲ್ಲಿಂದ ಹತ್ತಿರ. ಕ್ಯಾತ್ಸಂದ್ರದಲ್ಲಿ ರೈಲು ನಿಲ್ದಾಣವೂ ಇದೆ.

ದನಗಳ ಜಾತ್ರೆಗೆ ಹೋಗುವವರು ಬೆಳಗ್ಗೆ ಏಳು, ಎಂಟಕ್ಕೆಲ್ಲ ಅಲ್ಲಿರಬೇಕು. ದನಗಳ ಮೈ ತೊಳೆದು, ಮೇವು ಹಾಕಿ, ವ್ಯಾಪಾರ ಕುದುರುವ ಹೊತ್ತು ಅದು. ಮಧ್ಯಾಹ್ನ ಹೋದರೆ ದನಗಳೂ ಮಲಗಿರುತ್ತವೆ, ರೈತರೂ ಮಲಗಿರುತ್ತಾರೆ.

5. ಪರಿಷೆಯಲ್ಲಿ ಮೊದಲು ಬಸವಣ್ಣ, ಆಮೇಲೆ ಕಾಯಿ

ಚೀಲ ತುಂಬಿಕೊಂಡು ದರ್ಶನದ ಸಾಲಲ್ಲಿ ನಿಲ್ಲುವುದು ಕಷ್ಟ. ಬಂದ ಕೂಡಲೇ ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ದರ್ಶನ ಮುಗಿಸಿಕೊಳ್ಳಿ. ಚಪ್ಪಲಿ ಇಡಲು ಒಂದು ಹಳೇ ಚೀಲ ಇದ್ದರೆ ಬಿಡುವ ಜಾಗ ಹುಡುಕುವ ತಾಪತ್ರಯ ಇಲ್ಲ.

ಜೊತೆಯಲ್ಲಿ ಮಕ್ಕಳಿದ್ದರೆ ಕಥೆ ಹೇಳಿ. ಈಗಿನ ಬಸವನಗುಡಿ ಹಿಂದೆ ಸುಂಕೇನಹಳ್ಳಿ. ಸುತ್ತ ಗವಿಪುರ, ಗುಟ್ಟಹಳ್ಳಿ, ಮಾವಳ್ಳಿ, ಎಲ್ಲ ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳು. ರಾತ್ರಿ ಬಸವ ಬಂದು ಬೆಳೆ ಮೇಯ್ದು ಹೋಗುತ್ತಿದ್ದ. ಕಾದು ಕೂತಿದ್ದ ರೈತ ದೊಣ್ಣೆಯಲ್ಲಿ ಹೊಡೆದ. ಬಸವ ಅಲ್ಲೇ ಕಲ್ಲಾದ. ಮಾಡಿದ ತಪ್ಪಿಗೆ ರೈತರು ಅವನಿಗೆ ಗುಡಿ ಕಟ್ಟಿಸಿ, ಮೊದಲ ಬೆಳೆಯನ್ನು ಅವನಿಗೇ ಕೊಡುತ್ತಾ ಬಂದರು. ಕಲ್ಲು ಬೆಳೆಯುತ್ತಲೇ ಇತ್ತು, ತಲೆ ಮೇಲೆ ತ್ರಿಶೂಲ ನೆಟ್ಟ ಮೇಲೆ ನಿಂತಿತು ಅನ್ನುವುದೂ ಕಥೆಯ ಭಾಗ. ಕಥೆ ಬಿಟ್ಟು ಚರಿತ್ರೆಗೆ ಬಂದರೆ, ಗುಡಿ ಕಟ್ಟಿಸಿದ್ದು 16ನೇ ಶತಮಾನದಲ್ಲಿ ಕೆಂಪೇಗೌಡರು. ಒಂದೇ ಕಲ್ಲಿನಲ್ಲಿ ಕಡೆದ ಬಸವ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ವೃಷಭಾವತಿ ಹುಟ್ಟುವುದು ಈ ಬಸವನ ಪಾದದ ಹತ್ತಿರ ಅನ್ನುತ್ತಾರೆ. ಮೈಸೂರು ರಸ್ತೆಯಲ್ಲಿ ಹೋಗುವಾಗ ಮೂಗು ಮುಚ್ಚಿಕೊಳ್ಳುವ ನೀರು ಇಲ್ಲಿಂದಲೇ ಶುರುವಾಗಿದ್ದು ಅಂತ ಮಕ್ಕಳಿಗೆ ಹೇಳಲೇಬೇಕು.

ದರ್ಶನ ಆದಮೇಲೆ ಒಂದು ಸುತ್ತು ಸುಮ್ನೆ ನಡೆಯಿರಿ. ಕೊಳ್ಳಬೇಡಿ. ಮೊದಲ ಅಂಗಡಿಯಲ್ಲೇ ಚೀಲ ತುಂಬಿಸಿಕೊಳ್ಳುವುದು ಹೊಸಬರು ಮಾಡುವ ತಪ್ಪು. ಗುಡಿ ಬಾಗಿಲ ಹತ್ತಿರ, ರಸ್ತೆ ಕೂಡುವ ಕಡೆ ಬೆಲೆ ಜಾಸ್ತಿ. ರಾಮಕೃಷ್ಣ ಆಶ್ರಮದ ಕಡೆಗೆ, ಇಲ್ಲವೇ ಗುಡಿ ದಾಟಿ ಮುಂದಕ್ಕೆ ಹೋದಷ್ಟೂ ನೆಲದ ಮೇಲೆ ರಾಶಿ ಹಾಕಿಕೊಂಡು ಕೂತವರು ಸಿಗುತ್ತಾರೆ. ಅವರಲ್ಲಿ ತಾವೇ ಬೆಳೆದು ತಂದವರೂ ಇರುತ್ತಾರೆ. ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಮಾಗಡಿ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದ ಬಂದವರು. "ಯಾವ ಊರಿಂದು ಕಾಯಿ? ನಿಮ್ಮ ಹೊಲದ್ದೇನಾ?" ಅಂತ ಕೇಳಿ. ಬೆಳೆದವರು ಮಳೆ ಹೇಗಿತ್ತು, ಕಾಯಿ ಯಾವಾಗ ಕಿತ್ತಿದ್ದು ಅಂತ ಕೇಳುವ ಮುಂಚೆಯೇ ಹೇಳುತ್ತಾರೆ. ಮಾರುಕಟ್ಟೆಯಿಂದ ಮೂಟೆ ತಂದು ಮಾರುವವರಿಗೆ ಅದು ಗೊತ್ತಿರುವುದಿಲ್ಲ.

6. ಒಳ್ಳೆ ಕಾಯಿ ಆರಿಸುವುದು

ಪರಿಷೆಯಲ್ಲಿ ಹಸಿ, ಒಣಗಿದ್ದು, ಹುರಿದದ್ದು, ಬೇಯಿಸಿದ್ದು, ನಾಲ್ಕೂ ಸಿಗುತ್ತದೆ. ಬಾದಾಮಿ, ಗಡಂಗ್, ಸಾಮ್ರಾಟ್, ನಾಟಿ ಅಂತ ತಳಿಯ ಹೆಸರು ಕೂಗುತ್ತಿರುತ್ತಾರೆ. ಹೆಸರಿಗೆ ಮರುಳಾಗಬೇಡಿ. ಕೈಗೆ ತೆಗೆದುಕೊಂಡು ನೋಡಿ.

ಹಸಿ ಕಾಯಿ ಹಿಡಿದರೆ ತೂಕ ಇರಬೇಕು. ಸಿಪ್ಪೆಗೆ ಸ್ವಲ್ಪ ಮಣ್ಣು ಅಂಟಿದ್ದರೆ ಚಿಂತೆ ಇಲ್ಲ. ನುಣ್ಣಗೆ ತೊಳೆದದ್ದಕ್ಕಿಂತ ಮಣ್ಣು ಅಂಟಿದ್ದೇ ಮೇಲು. ತೊಳೆದು ಒದ್ದೆ ಇರುವ ಕಾಯಿ ಬೇಗ ಬೂಸ್ಟು ಹಿಡಿಯುತ್ತದೆ. ರಾಶಿಯ ಮೇಲಿಂದ ಬೇಡ, ಕೈ ಒಳಗೆ ಹಾಕಿ ಎರಡು ಕಾಯಿ ತೆಗೆದು ಒಡೆಯಿರಿ. ಈಗ ಬೀಜ ನೋಡುವುದಕ್ಕೆ ಮುಂಚೆ ಸಿಪ್ಪೆಯ ಒಳಗಡೆ ನೋಡಿ. ಒಳಭಾಗ ಬೆಳ್ಳಗೆ ಮೆತ್ತಗಿದ್ದರೆ ಕಾಯಿ ಎಳೆಯದು. ಕಂದು ಬಣ್ಣಕ್ಕೆ ತಿರುಗಿದ್ದರೆ ಬಲಿತದ್ದು. ಬಲಿತ ಕಾಯಿಯಲ್ಲಿ ಬೀಜ ಸಿಪ್ಪೆ ತುಂಬ ಕೂತಿರುತ್ತದೆ, ಮೇಲಿನ ಹೊಟ್ಟು ಗುಲಾಬಿ ಬಣ್ಣಕ್ಕೆ ಬಿಗಿಯಾಗಿ ಅಂಟಿರುತ್ತದೆ. ಬೇಯಿಸಿ ತಿನ್ನಲು ತೀರಾ ಬಲಿತದ್ದಕ್ಕಿಂತ ಸ್ವಲ್ಪ ಎಳೆಯದು ಬೆರೆತಿದ್ದರೆ ರುಚಿ, ಸಿಹಿ ಬರುತ್ತದೆ. ಎಣ್ಣೆಗೆ, ಚಟ್ನಿಪುಡಿಗೆ, ಇಟ್ಟುಕೊಳ್ಳಲು ಪೂರ್ತಿ ಬಲಿತದ್ದೇ ಬೇಕು.

ಒಣ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಗಲಗಲ ಅಂದರೆ ಚೆನ್ನಾಗಿ ಒಣಗಿದೆ. ಸದ್ದೇ ಇಲ್ಲದೆ ಹಗುರ ಇದ್ದರೆ ಜೊಳ್ಳು. ಹುರಿದದ್ದಾದರೆ ಕಣ್ಣೆದುರಿಗೆ ಬಾಂಡ್ಲಿಯಲ್ಲಿ ಮರಳು ಹಾಕಿ ಹುರಿಯುತ್ತಿರುವವರ ಹತ್ತಿರವೇ ತೊಗೊಳ್ಳಿ. ಮರಳಿನ ಬಿಸಿ ಎಲ್ಲ ಕಡೆಗೂ ಒಂದೇ ಸಮ ತಾಗುತ್ತದೆ, ಸಿಪ್ಪೆ ಕಪ್ಪಾಗದೆ ಒಳಗಿನ ಬೀಜ ಹುರಿಯುತ್ತದೆ. ಬಿಸಿ ಇರುವಾಗ ಮೆತ್ತಗೆ ಅನಿಸುತ್ತದೆ, ಹುರಿದಿಲ್ಲ ಅಂತ ವಾಪಸ್ ಕೊಡಬೇಡಿ. ಆರಿದ ಮೇಲೆ ಗರಿಗರಿ ಆಗುತ್ತದೆ.

ಅಳತೆಯ ಮೇಲೆ ಕಣ್ಣಿರಲಿ. ಇಲ್ಲಿ ತೂಕಕ್ಕಿಂತ ಸೇರು, ಲೀಟರ್ ಲೆಕ್ಕವೇ ಜಾಸ್ತಿ. ಸೇರು ಅಂದರೆ ಅಳೆದು ಕೊಡುವ ಡಬ್ಬ. ಎಲ್ಲರ ಡಬ್ಬ ಒಂದೇ ಗಾತ್ರ ಇರುವುದಿಲ್ಲ. ಕೆಲವರದು ಬಗ್ಗಿರುತ್ತದೆ, ಕೆಲವರದು ತಳ ಮೇಲಕ್ಕೆ ಉಬ್ಬಿರುತ್ತದೆ. ಡಬ್ಬದ ಒಳಗೆ ಒಮ್ಮೆ ಇಣುಕಿ ನೋಡಿ. ಬೆಲೆ ಕೇಳುವಾಗಲೇ "ತಲೆ ಕಟ್ಟಿ ಕೊಡ್ತೀರಾ, ಸಮ ಮಾಡಿ ಕೊಡ್ತೀರಾ?" ಅಂತ ಕೇಳಿಬಿಡಿ. ತಲೆ ಕಟ್ಟುವುದು ಅಂದರೆ ಡಬ್ಬದ ಬಾಯಿಯ ಮೇಲೆ ಗೋಪುರದ ಹಾಗೆ ರಾಶಿ ನಿಲ್ಲಿಸಿ ಕೊಡುವುದು. ಒಂದು ಡಬ್ಬದಲ್ಲಿ ಹಿಡಿಗಟ್ಟಲೆ ವ್ಯತ್ಯಾಸ ಬರುತ್ತದೆ. ಅಳೆದಾದ ಮೇಲೆ ಒಂದು ಹಿಡಿ ಕೊಸರು ಕೇಳುವುದು ಪರಿಷೆಯ ರೂಢಿ. ನಗುನಗುತ್ತಾ ಕೇಳಿ, ಕೊಡುತ್ತಾರೆ.

ಚೌಕಾಸಿ ಎಷ್ಟು ಮಾಡಬೇಕು ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟು. ಪಕ್ಕಪಕ್ಕದವರ ಬೆಲೆ ಕೇಳಿ ಹೋಲಿಸಿ, ನ್ಯಾಯವಾದ ಬೆಲೆಗೆ ಬಂದಾಗ ನಿಲ್ಲಿಸಿ. ರಸ್ತೆ ಬದಿಯಲ್ಲಿ ಮೂಟೆ ಮೇಲೆ ಟಾರ್ಪಾಲ್ ಹೊದಿಸಿ, ನವೆಂಬರ್ ಚಳಿಯಲ್ಲಿ ಅಲ್ಲೇ ಮಲಗಿ ಎದ್ದವರು ಅವರು. ಸಂಜೆ ಮಳೆ ಬಂದರೆ ಅವರ ಇಡೀ ರಾಶಿ ನೆನೆಯುತ್ತದೆ. ಐದು ರೂಪಾಯಿಗೆ ಹತ್ತು ನಿಮಿಷ ಗುದ್ದಾಡಬೇಡಿ. ಮಾಲ್‌ನಲ್ಲಿ ನಾವು ಹಾಗೆ ಮಾಡುವುದಿಲ್ಲ, ಅಲ್ವಾ?

ಬೆಂಡು, ಬತ್ತಾಸು, ಕಲ್ಯಾಣಸೇವೆ, ಕಡ್ಲೆಪುರಿ, ಬಳೆ, ಮಣ್ಣಿನ ಗೊಂಬೆ ಎಲ್ಲ ಕೊನೆಗೆ ಕೊಳ್ಳಿ. ಬತ್ತಾಸು ಕಡಲೆಕಾಯಿ ಚೀಲದ ಕೆಳಗೆ ಸಿಕ್ಕರೆ ಮನೆಗೆ ಬರುವಷ್ಟರಲ್ಲಿ ಸಕ್ಕರೆ ಪುಡಿ.

7. ದನಗಳ ಜಾತ್ರೆಯಲ್ಲಿ

"ಎತ್ತುಗಳೇ ಇರಲಿಲ್ಲ" ಅಂದವರಿಗೆ ಉತ್ತರ ಇಲ್ಲಿದೆ. ನೀವು ತೇರಿನ ದಿನ ಹೋಗಿದ್ದೀರಿ. ದನಗಳ ವ್ಯಾಪಾರ ತೇರಿಗೆ ವಾರ, ಹತ್ತು ದಿನ ಮೊದಲೇ ಕಟ್ಟುತ್ತದೆ. ತೇರು ಎಳೆಯುವ ಹೊತ್ತಿಗೆ ಕೊಟ್ಟವರು, ಕೊಂಡವರು ಬಹುಪಾಲು ಹೊರಟಿರುತ್ತಾರೆ. ದನ ನೋಡಬೇಕಾದರೆ ತೇರಿಗೆ ನಾಲ್ಕೈದು ದಿನ ಮುಂಚೆ, ವಾರದ ನಡುವೆ ಹೋಗಿ. ತೇರೂ ಬೇಕು ಅಂದರೆ ಎರಡು ಸಲ ಹೋಗಬೇಕು.

ಹೊರಡುವ ಹಿಂದಿನ ದಿನ ಜಾತ್ರೆ ನಡೆಯುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಿ. ದನಗಳಿಗೆ ರೋಗ ಬಂದ ವರ್ಷ ಜಾತ್ರೆ ನಿಲ್ಲಿಸುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಜಾತ್ರೆ, ಸಂತೆಗಳಿಗೆ ತಡೆ ಬಿದ್ದಿತ್ತು. ಗುಡಿಯಲ್ಲಿ ಪೂಜೆ, ಉತ್ಸವ ನಡೆದರೂ ದನ ಸೇರದೆ ಇರಬಹುದು. ಹಾಗಾಗಿ "ಜಾತ್ರೆ ಇದೆಯಾ" ಅಂತಲ್ಲ, "ದನ ಸೇರಿದೆಯಾ" ಅಂತ ಕೇಳಬೇಕು.

ಘಾಟಿಯಲ್ಲೂ ಮೊದಲು ದರ್ಶನ. ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ನರಸಿಂಹ ಕಾಣಲಿ ಅಂತ ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಗಡಿಬಿಡಿಯಲ್ಲಿ ಅದನ್ನು ನೋಡದೆ ಬರುವವರೇ ಜಾಸ್ತಿ. ಕನ್ನಡಿ ಕಡೆ ಕಣ್ಣು ಹಾಯಿಸಿ. ಹೊರಗೆ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳ ಸಾಲೂ ಇದೆ.

ಇನ್ನು ದನಗಳ ಮಧ್ಯೆ. ಇಲ್ಲಿ ನೀವು ಹೆಚ್ಚು ನೋಡುವುದು ಹಳ್ಳಿಕಾರ್ ತಳಿ. ಬೂದು ಬಣ್ಣ, ಉದ್ದ ಮುಖ, ನಡುವೆ ಗೀರು ಬಿದ್ದ ಉಬ್ಬು ಹಣೆ, ಹಿಂದಕ್ಕೆ ಬಾಗಿ ಮೇಲೇರುವ ಉದ್ದ ಕೊಂಬು. ಹಳೇ ಮೈಸೂರು ಸೀಮೆಯ ಉಳುಮೆ, ಗಾಡಿ ಎಲ್ಲ ನಡೆದದ್ದು ಈ ತಳಿಯಿಂದ. ಹೋರಿ ಅಂದರೆ ಬೀಜ ಒಡೆಯದ ಗಂಡು, ಎತ್ತು ಅಂದರೆ ಬೀಜ ಒಡೆಸಿ ಕೆಲಸಕ್ಕೆ ಪಳಗಿಸಿದ್ದು, ಕಡಸು ಅಂದರೆ ಇನ್ನೂ ಕರು ಹಾಕದ ಹೆಣ್ಣು. ಬೆಲೆ ನಿಲ್ಲುವುದು ಜೋಡಿಯ ಮೇಲೆ. ಎತ್ತರ, ಬಣ್ಣ, ಕೊಂಬಿನ ಬಾಗು, ನಡಿಗೆ ನಾಲ್ಕೂ ಹೊಂದಿದ ಜೋಡಿ ಸಿಗುವುದು ಅಪರೂಪ. ಅಂಥ ಜೋಡಿಗೆ ರೈತರು ಪೆಂಡಾಲ್ ಹಾಕಿ, ತಮಟೆ ಹೊಡೆಸಿ ಮೆರವಣಿಗೆಯಲ್ಲೇ ತರುತ್ತಾರೆ.

ಒಂದು ವ್ಯಾಪಾರವನ್ನು ಪಕ್ಕದಲ್ಲಿ ನಿಂತು ಪೂರ್ತಿ ನೋಡಿ. ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ. ಮೂಗುದಾರ ಹಿಡಿದು ಕೆಳತುಟಿಯನ್ನು ಹೆಬ್ಬೆರಳಲ್ಲಿ ಒತ್ತಿ ಕೆಳಗಿಳಿಸುತ್ತಾನೆ. ದನಗಳಿಗೆ ಮೇಲ್ದವಡೆಯ ಮುಂದುಗಡೆ ಹಲ್ಲೇ ಇರುವುದಿಲ್ಲ. ಲೆಕ್ಕ ಎಲ್ಲ ಕೆಳಗಿನ ಎಂಟು ಹಲ್ಲಿನದು. ಎಲ್ಲವೂ ಸಣ್ಣಗೆ ಬೆಳ್ಳಗಿದ್ದರೆ ಹಾಲುಹಲ್ಲು. ನಡುವಿನ ಎರಡು ಬಿದ್ದು ಅಗಲ ಹಲ್ಲು ಬಂದಿದ್ದರೆ ಎರಡು ಹಲ್ಲು, ವಯಸ್ಸು ಎರಡು, ಎರಡೂವರೆ ವರ್ಷ. ಆಮೇಲೆ ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯಿಗೂಡಿದೆ ಅನ್ನುತ್ತಾರೆ, ಅಷ್ಟರಲ್ಲಿ ನಾಲ್ಕೂವರೆ ಐದು ವರ್ಷ ಆಗಿರುತ್ತದೆ. ಹಲ್ಲು ಆದಮೇಲೆ ಸುಳಿ. ಹಣೆ, ಬೆನ್ನು, ಕುತ್ತಿಗೆಯ ಮೇಲೆ ಕೂದಲು ಸುತ್ತಿಕೊಂಡಿರುವ ಜಾಗ ನೋಡಿ ಶುಭ, ಅಶುಭ ಹೇಳುತ್ತಾರೆ. ಕೊನೆಗೆ ನಡೆಸಿ ನೋಡುತ್ತಾರೆ.

ಬೆಲೆ ಮಾತ್ರ ನಿಮಗೆ ಕೇಳಿಸುವುದಿಲ್ಲ. ಟವೆಲ್ ಕೆಳಗೆ ಇಬ್ಬರೂ ಕೈ ಹಿಡಿದು, ಬೆರಳು ಒತ್ತಿ ಲೆಕ್ಕ ಹೇಳಿಕೊಳ್ಳುತ್ತಾರೆ. ನಡುವೆ ದಲ್ಲಾಳಿ ಇರುತ್ತಾನೆ. ಒಬ್ಬ ತಲೆ ಅಲ್ಲಾಡಿಸುತ್ತಾನೆ, ದಲ್ಲಾಳಿ ಅವನ ಕೈ ಎಳೆದು ಮತ್ತೆ ಟವೆಲ್ ಒಳಗೆ ತುರುಕುತ್ತಾನೆ. ಬಗೆಹರಿದರೆ ಮುಂಗಡ ಕೊಟ್ಟು ಹಗ್ಗ ಕೈ ಬದಲಾಗುತ್ತದೆ. ಈ ಹೊತ್ತಿನಲ್ಲಿ ಫೋನ್ ಮುಂದೆ ಹಿಡಿದುಕೊಂಡು ನುಗ್ಗಬೇಡಿ. ದೂರದಲ್ಲಿ ನಿಂತು ನೋಡಿ.

ಎಚ್ಚರಿಕೆಗಳು ಕೆಲವು ಇವೆ, ಇವನ್ನು ಹಗುರವಾಗಿ ತೊಗೊಳ್ಳಬೇಡಿ. ದನದ ಹಿಂದಿನಿಂದ ಹತ್ತಿರ ಹೋಗಬಾರದು, ಒದೆಯುತ್ತದೆ. ಅದಕ್ಕೆ ಕಾಣುವ ಹಾಗೆ ಪಕ್ಕದಿಂದ, ಒಡೆಯನನ್ನು ಕೇಳಿಕೊಂಡು ಹೋಗಿ. ಜೋಡಿಯ ಮಧ್ಯೆ ನಿಂತು ಫೋಟೊ ತೆಗೆಸಿಕೊಳ್ಳಬೇಡಿ, ಎರಡೂ ಒಟ್ಟಿಗೆ ತಿರುಗಿದರೆ ಕೊಂಬಿನ ನಡುವೆ ಸಿಕ್ಕಿಬೀಳುತ್ತೀರಿ. ಕೊಂಬು ಮುಟ್ಟಬೇಡಿ. ಮಗುವನ್ನು ಹೋರಿಯ ಮೇಲೆ ಕೂರಿಸುವ ಯೋಚನೆಯೇ ಬೇಡ. ಪೀಪಿ, ಬಲೂನು ದನಗಳ ಹತ್ತಿರ ತರಬೇಡಿ, ಒಂದು ಬೆದರಿ ಹಗ್ಗ ಕಿತ್ತುಕೊಂಡರೆ ಸಾಲಿಗೆ ಸಾಲೇ ಎದ್ದು ನಿಲ್ಲುತ್ತದೆ. ಫೋಟೊಗೆ ಕೇಳಿ. ಹೆಚ್ಚಿನವರು ಖುಷಿಯಿಂದ ಎತ್ತಿನ ತಲೆ ಎತ್ತಿ ಹಿಡಿದು ನಿಲ್ಲುತ್ತಾರೆ. ದೃಷ್ಟಿ ಆಗುತ್ತೆ ಬೇಡ ಅಂದರೆ ಬಿಟ್ಟುಬಿಡಿ.

ಬೆಂಗಳೂರಿನ ಫ್ಲಾಟ್‌ಗೆ ಎತ್ತು ತರಲಾಗುವುದಿಲ್ಲ, ಆದರೆ ಕೊಳ್ಳುವುದು ಬೇಕಾದಷ್ಟಿದೆ. ಹುರಿ ಹಗ್ಗ, ಕೊರಳ ಗಂಟೆ, ಗೆಜ್ಜೆ ಪಟ್ಟಿ, ಬಿದಿರಿನ ಮೊರ, ಬುಟ್ಟಿ, ಕುಡುಗೋಲು, ಮುದ್ದೆ ಕೋಲು. ಮೊರ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ಹೆಣಿಗೆ ಬಿಗಿ ಇರಬೇಕು. ಗಂಟೆ ಬಾರಿಸಿ ನೋಡದೆ ಕೊಳ್ಳಬೇಡಿ. ಕುಡುಗೋಲು, ಮಚ್ಚು ಕೊಂಡರೆ ಮೆಟ್ರೊದಲ್ಲಿ ಒಳಗೆ ಬಿಡುವುದಿಲ್ಲ ಅನ್ನುವುದು ನೆನಪಿರಲಿ.

8. ಮನೆಗೆ ಬಂದ ಮೇಲೆ

ಹಸಿ ಕಾಯಿಯ ಚೀಲವನ್ನು ಹಾಗೇ ಮೂಲೆಯಲ್ಲಿ ಇಡಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಪೇಪರ್ ಅಥವಾ ಹಳೇ ಸೀರೆಯ ಮೇಲೆ ತೆಳ್ಳಗೆ ಹರಡಿ. ಬೇಯಿಸುವುದನ್ನು ಮರುದಿನವೇ ಬೇಯಿಸಿ. ಮೂರು ನಾಲ್ಕು ನೀರಲ್ಲಿ ತೊಳೆದು, ಮುಳುಗುವಷ್ಟು ನೀರು, ಕೈ ಮುಂದೆ ಮಾಡಿ ಉಪ್ಪು ಹಾಕಿ ಕುಕ್ಕರ್‌ನಲ್ಲಿ ಇಡಿ. ಸಿಪ್ಪೆ ದಾಟಿ ಬೀಜಕ್ಕೆ ಹೋಗುವ ಉಪ್ಪು ಕಡಿಮೆ. ಬೆಂದ ಮೇಲೆ ತಕ್ಷಣ ಬಸಿಯಬೇಡಿ, ಅದೇ ಉಪ್ಪು ನೀರಲ್ಲಿ ಅರ್ಧ ಗಂಟೆ ಬಿಟ್ಟರೆ ರುಚಿ ಒಳಗೆ ಇಳಿಯುತ್ತದೆ. ಬೆಂದದ್ದನ್ನು ಅವತ್ತೇ ತಿಂದು ಮುಗಿಸಿ, ಉಳಿದರೆ ಫ್ರಿಜ್‌ನಲ್ಲಿಡಿ.

ಇಟ್ಟುಕೊಳ್ಳುವ ಕಾಯಿಯನ್ನು ಗಲಗಲ ಅನ್ನುವವರೆಗೆ ಬಿಸಿಲಲ್ಲಿ ಒಣಗಿಸಿ. ಒಡೆದಾಗ ಬೀಜದ ಮೇಲೆ ಹಸಿರು, ಹಳದಿ ಇಲ್ಲವೇ ಕಪ್ಪು ಬೂಸ್ಟು ಕಂಡರೆ ಎಸೆಯಿರಿ. ತೊಳೆದರೆ, ಹುರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕಡಲೆಕಾಯಿಯ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಲಿವರ್‌ಗೆ ಕೆಟ್ಟದ್ದು, ಮನೆ ಅಡುಗೆಯ ಬಿಸಿಗೆ ಹೋಗುವುದೂ ಇಲ್ಲ. ಬಾಯಿಗೆ ಹಾಕಿದ ಬೀಜ ಕಹಿ ಅನಿಸಿದರೂ ಉಗಿದುಬಿಡಿ.

ದನಗಳ ಜಾತ್ರೆಗೆ ಹೋಗಿ ಬಂದವರ ಮನೆಯಲ್ಲಾಗಲಿ, ಊರಲ್ಲಾಗಲಿ ಹಸು ಇದ್ದರೆ ಒಂದು ಕೆಲಸ ಮರೆಯಬೇಡಿ. ಕಾಲುಬಾಯಿ ಜ್ವರ ಶೂ, ಬಟ್ಟೆ, ಗಾಡಿ ಚಕ್ರಕ್ಕೆ ಅಂಟಿದ ಸಗಣಿ, ಮಣ್ಣಿನಿಂದಲೂ ಹರಡುತ್ತದೆ. ಶೂ ಸೋಪು ಹಾಕಿ ತೊಳೆದು ಬಿಸಿಲಿಗೆ ಇಡಿ, ಬಟ್ಟೆ ಒಗೆಯಿರಿ, ಸ್ನಾನ ಮಾಡಿ. ಆಮೇಲೆ ಕೊಟ್ಟಿಗೆಗೆ ಹೋಗಿ. ಜಾತ್ರೆಯಲ್ಲಿ ಕೊಂಡ ಹಗ್ಗ, ಗಂಟೆಯನ್ನೂ ತೊಳೆದೇ ಹಸುವಿಗೆ ಕಟ್ಟಿ.